ದೋಣಿಯಲ್ಲಿ ನೆನೆಸಿದ ಕುರ್ಚಿಗಳು

ಅಕ್ಕ ನನಗೆ ವಹಿಸಿಹೋದ ಕೆಲಸ ಒಂದೇ ಆಗಿತ್ತು. ಕುಮಟೆಯ ಡಾಕ್ಟರ ಮನೆಯಿಂದ ಬಂದ ಕುರ್ಚಿ, ಸೋಫಾ, ಕಪಾಟುಗಳ ಮೇಲಿನ ಹಸಿರು ಬಣ್ಣವನ್ನು ಗಾಜಿನ ಚೂರಿನಿಂದ ಹೆರೆದು ತೆಗೆಯಬೇಕು, ನೀರು ಮುಟ್ಟಿಸಬಾರದು. ಅದನ್ನು ನಾನು ಮಾಡಲಿಲ್ಲ. ಮಾಡಲಿಲ್ಲವೆಂದು ಹೇಳಲೂ ಇಲ್ಲ. ಎರಡನೆಯದೇ ದೊಡ್ಡ ತಪ್ಪು ಎಂದು ತಿಳಿಯುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಬರೆದು ಅಭ್ಯಾಸವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹೊನ್ನಾವರದ ಹೊಳೆಯಂಚಿನಲ್ಲಿ, ಒಂದು ಕಾಲಕ್ಕೆ ಅಪ್ಪ ದೋಣಿ ಕಟ್ಟುತ್ತಿದ್ದ ಚಪ್ಪರದ ಕೆಳಗೆ ಅಕ್ಕ ಮತ್ತು ನಾನು ಕೆಲಸ ಮಾಡುತ್ತಿದ್ದೆವು. ಅಕ್ಕ ಕುರ್ಚಿಗಳಿಗೆ ಬೆತ್ತ ಹೆಣೆಯುವವಳು, ನಾನು ಪಾಲಿಶ್ ಹಾಕುವವನು. ಅವಳು ಕಾಯ್ಕಿಣಿಯ ಗಂಡನ ಮನೆಯಿಂದ ಚಿಕ್ಕ ವಯಸ್ಸಿನಲ್ಲೇ ತಿರುಗಿ ಬಂದಿದ್ದಳು. ಯಾಕೆಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬೆತ್ತ ನೆನೆಸಿದ ಬಾಲ್ದಿಯನ್ನು ಪಕ್ಕಕ್ಕಿಟ್ಟುಕೊಂಡು ಕೂತರೆ ಊಟಕ್ಕೆ ಎಬ್ಬಿಸುವುದೇ ಕಷ್ಟ.

ಆಗ ನಮಗೆ ಹೆಚ್ಚಿನ ಕೆಲಸ ಭಟ್ಕಳದ್ದು. ಅಲ್ಲಿನ ಮನೆಮನೆಯಿಂದ ಗಂಡಸರು ದುಬೈ, ಮಸ್ಕತ್ ಎಂದು ಹೋಗಿದ್ದರು. ಹಳೆಯ ಸಾಮಾನು ಹೊರಗೆ ಬಂದು ಸನ್‌ಮೈಕಾದ ಹೊಳೆಯುವ ಹಾಳೆ ಅಂಟಿಸಿದ್ದು ಒಳಗೆ ಹೋಗುತ್ತಿದ್ದ ಕಾಲ. ಅಕ್ಕ ಆ ಮನೆಗಳ ಹಿತ್ತಿಲಿಗೆ ಹೋಗಿ ಕೂತು ಕುರ್ಚಿ ಹೆಣೆದುಕೊಟ್ಟು, ಕೂಲಿಯ ಬದಲು ಅವರು ಬೇಡವೆಂದು ಅಟ್ಟಕ್ಕೆ ಹಾಕಿದ್ದನ್ನು ಕೇಳುತ್ತಿದ್ದಳು. ಅಂಚಿಗೆ ಸಣ್ಣ ಬಂಗಾರದ ಗೆರೆ ಇದ್ದ ಚಾದ ಕಪ್ಪುಗಳು, ಕೆಂಪು ಚಿಕ್ಕಿಗಳ ಗಾಜಿನ ಜಗ್ಗು, ಬಣ್ಣ ಬಣ್ಣದ ಅಲ್ಯೂಮಿನಿಯಂ ಲೋಟ, ಹಾಡದ ರೇಡಿಯೋದ ಪೆಟ್ಟಿಗೆ.

"ಸ್ಟೀಲಿನ ಡಬರಿ ಕೊಡ್ತೆ ಅಂದ್ರೆ ಬ್ಯಾಡ ಅಂತಾಳಲ್ಲ!" ಎಂದು ಒಬ್ಬ ಮನೆಯಾಕೆ ನನ್ನೆದುರೇ ನಕ್ಕಿದ್ದರು. "ಯಾ ಅಲ್ಲಾ, ಕೆಲಸ ಮಾಡಿ ಕಸ ಕೇಳೂ ಹೆಂಗಸನ್ನ ಇವಳೊಬ್ಬಳನ್ನೇ ನಾ ನೋಡಿದ್ದು."

"ಕಸ ಅಲ್ಲ ಬಾಯಿ," ಎಂದಳು ಅಕ್ಕ, ತಲೆ ಎತ್ತದೆ. "ನಿಮ್ಮ ಮದಿವೇಲಿ ಇದೇ ಕಪ್ಪಲ್ಲಿ ಚಾ ಕೊಟ್ಟದ್ದು. ನಾ ಸಣ್ಣೋಳಿದ್ದೆ, ಕುಡಿದಿದ್ದೆ."

ಅಕ್ಕನಿಗೆ ಅಜ್ಜನ ಕಾಲದ ಬೀಟೆ ಮಂಚ, ಹಿತ್ತಾಳೆ ದೀಪಗಳ ಮೇಲೆ ಆಸೆ ಇರಲಿಲ್ಲ. ಅವುಗಳಿಗೆ ಮುಂಬಯಿಯ ವ್ಯಾಪಾರಿಗಳು ಬರುತ್ತಿದ್ದರು. ಅವಳಿಗೆ ಬೇಕಾದದ್ದು ಸ್ವಾತಂತ್ರ್ಯ ಬಂದ ಮೇಲಿನ ಹತ್ತು ಹನ್ನೆರಡು ವರ್ಷಗಳಲ್ಲಿ ಬಂದ ವಸ್ತುಗಳು. "ಅಜ್ಜನ ಕಾಲದ್ದಕ್ಕೆ ಗಿರಾಕಿ ಇದ್ದಾರೆ, ಇವತ್ತಿಂದಕ್ಕೂ ಇದ್ದಾರೆ. ನಾವು ಸಣ್ಣೋರಿದ್ದಾಗಿಂದಕ್ಕೆ ಯಾರೂ ಇಲ್ಲ," ಎನ್ನುತ್ತಿದ್ದಳು. ನನಗೆ ಇದು ಹುಚ್ಚು ಎನಿಸುತ್ತಿತ್ತು. ನಾನು ಸನ್‌ಮೈಕಾದ ಹೊಳಪಿಗೆ ಮರುಳಾದವನು.

ಕುಮಟೆಯ ಡಾಕ್ಟರ ಮನೆ ಸ್ವಾತಂತ್ರ್ಯದ ನಂತರದ ಆ ವರ್ಷಗಳಲ್ಲೇ ಕಟ್ಟಿದ್ದು. ಮುಂಬಯಿಯಿಂದ ನಕ್ಷೆ ತರಿಸಿದ್ದರಂತೆ. ಒಂದು ಮೂಲೆ ಚೌಕವಾಗಿರದೆ ದುಂಡಗೆ ಬಳಸಿಕೊಂಡು ಹೋಗಿತ್ತು, ಮೆಟ್ಟಿಲ ಬಳಿ ಹಡಗಿನದರಂಥ ದುಂಡು ಕಿಟಕಿ, ಮೊಸಾಯಿಕ್ ನೆಲದಲ್ಲಿ ಹಿತ್ತಾಳೆಯ ತೆಳು ಪಟ್ಟಿಗಳು, ಬಿಸಿಲನ್ನು ಚೂರು ಚೂರು ಮಾಡಿ ಒಳಗೆ ಬಿಡುವ ಸಿಮೆಂಟ್ ಜಾಲಿ. ಆ ಮನೆಯ ಸಾಮಾನೆಲ್ಲ ನಮ್ಮ ಅಪ್ಪ ಮಾಡಿದ್ದು. ಅಪ್ಪ ದೋಣಿಯ ಬಡಗಿ. ಡಾಕ್ಟರು ವಿಲಾಯತಿ ಪತ್ರಿಕೆಯ ಚಿತ್ರ ತೋರಿಸಿ, ಹೀಗೆ ಮಾಡಲಿಕ್ಕಾಗುತ್ತದೆಯೇ ಎಂದು ಕೇಳಿದ್ದರಂತೆ. ದೋಣಿಯ ಪಕ್ಕೆ ಬಗ್ಗಿಸುವವನಿಗೆ ಕುರ್ಚಿಯ ಬೆನ್ನು ಬಗ್ಗಿಸುವುದು ಏನು ಮಹಾ. ಕಾಲುಗಳು ನೇರ ನಿಲ್ಲದೆ, ಆಗ ತಾನೇ ಎದ್ದು ನಿಂತ ಕರುವಿನ ಕಾಲುಗಳಂತೆ ಹೊರಕ್ಕೆ ಚಾಚಿಕೊಂಡಿದ್ದವು. ಸರಿದು ಮುಚ್ಚುವ ಬಾಗಿಲಿನ ಉದ್ದನೆಯ ಕಪಾಟು, ಗೇರುಬೀಜದ ಆಕಾರದ ಸಣ್ಣ ಮೇಜು. ಬೆತ್ತದ ಕೆಲಸ ಅಕ್ಕನದು. ಆಗ ಅವಳಿನ್ನೂ ಲಂಗ ತೊಡುತ್ತಿದ್ದಳು. ಅದು ಅವಳ ಮೊದಲ ಕೆಲಸ.

ಮುಂದೆ ಯಾವಾಗಲೋ, ದವಾಖಾನೆಯ ಮಂಚಗಳಿಗೆ ತಂದ ಹಸಿರು ಎನಾಮಲ್ ಉಳಿಯಿತೆಂದು ಮನೆಯ ಸಾಮಾನಿಗೂ ಬಳಿಸಿಬಿಟ್ಟಿದ್ದರು. ಅದರ ಕೆಳಗೆ ಅಪ್ಪನ ಸಾಗುವಾನಿ ಮುಚ್ಚಿಹೋಗಿತ್ತು.

ಡಾಕ್ಟರು ತೀರಿಕೊಂಡರು. ಅವರ ಹೆಂಡತಿಯನ್ನು ಎಲ್ಲರೂ ಡಾಕ್ಟ್ರಮ್ಮ ಎನ್ನುತ್ತಿದ್ದರು. ಅವರು ಮನೆ ಮಾರಿ ಧಾರವಾಡದ ತಂಗಿಯ ಹತ್ತಿರ ಹೊರಟಿದ್ದರು. ಕೊಂಡವರು ಮನೆ ಕೆಡವಿ ರಸ್ತೆಯ ಬದಿಗೆ ಅಂಗಡಿಗಳನ್ನು ಕಟ್ಟಿಸುವವರು. ಡಾಕ್ಟ್ರಮ್ಮ ತಮ್ಮ ಹಳೆಯ ಕಂಪೌಂಡರನ ಕೈಯಲ್ಲಿ ಅಕ್ಕನಿಗೆ ಹೇಳಿಕಳಿಸಿದರು. ಅಕ್ಕನ ಜೊತೆ ನಾನೂ ಹೋದೆ.

"ಎಂತದೆ, ಕುರ್ಚಿ ನೋಡೂಕೆ ಬಂದ್ಯಾ, ನನ್ನ ನೋಡೂಕೆ ಬಂದ್ಯಾ?" ಎಂದರು ಡಾಕ್ಟ್ರಮ್ಮ.

"ಕುರ್ಚಿ ಮೇಲೆ ನೀವು ಕೂತಿದ್ರಲ್ಲ, ಎರಡೂ ಆತು," ಎಂದಳು ಅಕ್ಕ.

"ಬಾಯಲ್ಲಿ ಬೆತ್ತ ಕಚ್ಕಂಡು ಇದೇ ಜಗಲೀಲಿ ಕೂತಿದ್ದೆ ನೀನು. ಮಾತಾಡಿಸಿದ್ರೆ ಹೂಂ ಅಂತೂ ಅಂತಿರಲಿಲ್ಲ."

"ಮೊದಲನೇದು ಸೊಟ್ಟ ಆಗಿತ್ತು. ಅಪ್ಪ ಬಿಚ್ಚು ಅಂದ್ರು. ಡಾಕ್ಟ್ರು ಇರ್ಲಿ ಬಿಡಿ ಅಂದ್ರು."

"ಆ ಸೊಟ್ಟದ್ರ ಮೇಲೇ ಅವರು ಕೂರೂದು. ಸೊಂಟ ಹಿಡಿದಾಗೆಲ್ಲ ನಿನ್ನ ಬೈತಿದ್ರು," ಎಂದು ನಕ್ಕು, ನಗುತ್ತಲೇ ಕಣ್ಣು ಒರೆಸಿಕೊಂಡರು.

ಸಾಮಾನೆಲ್ಲ ಅಕ್ಕನಿಗೆ ಕೊಡುತ್ತೇನೆಂದರು. ಒಂದೇ ಮಾತು ಕೇಳಿದರು. "ಚದುರಿಸಬ್ಯಾಡ. ಒಂದೇ ಕೋಣೇಲಿ ಇರ್ಲಿ. ಈ ಹಾಳು ಹಸಿರು ತೆಗಿ. ದೀಪಾವಳಿ ಕಳೆದ ಮೇಲೆ ಬತ್ತೆ, ಒಂದ್ಸಲ ಮೊದಲಿದ್ದ ಹಾಗೆ ನೋಡಿ, ಅದರ ಮೇಲೆ ಕೂತು ಚಾ ಕುಡಿದು ಹೋತೆ. ಆಮೇಲೆ ನಂಗೆ ಎಂತದೂ ಬ್ಯಾಡ."

"ಆತು ಅಮ್ಮ," ಎಂದಳು ಅಕ್ಕ. ಅವಳು ಯಾರಿಗಾದರೂ ಅಷ್ಟು ಮೆಲ್ಲಗೆ ಮಾತು ಕೊಟ್ಟದ್ದನ್ನು ನಾನು ಇನ್ನೊಮ್ಮೆ ನೋಡಿಲ್ಲ.

ಲಾರಿಯಲ್ಲಿ ಸಾಮಾನು ಹೊನ್ನಾವರಕ್ಕೆ ಬಂದು ಚಪ್ಪರದ ಕೆಳಗೆ ಇಳಿಯಿತು. ಅಕ್ಕ ನಮ್ಮ ಮನೆಯ ಮುಂದಿನ ಕೋಣೆ ಖಾಲಿ ಮಾಡಿ ಸುಣ್ಣ ಹೊಡೆಸಿದಳು. ಎಲ್ಲಿ ಯಾವ ಕುರ್ಚಿ ಎಂದು ನೆಲದ ಮೇಲೆ ಇದ್ದಿಲಿನಿಂದ ಗುರುತು ಹಾಕಿದಳು. ಅಟ್ಟದಿಂದ ಕಪ್ಪುಗಳು ಇಳಿದು ಗೋಡೆಯ ಹಲಗೆಗೆ ಬಂದವು. ಒಂದು ಕುರ್ಚಿಯ ಕೈಯನ್ನು ತಾನೇ ಹೆರೆದು ತೋರಿಸಿದಳು. ಒಡೆದ ಗಾಜಿನ ಅಂಚನ್ನು ಸ್ವಲ್ಪ ಓರೆಯಾಗಿ ಹಿಡಿದು, ಮರದ ಎಳೆಯ ದಿಕ್ಕಿಗೇ ಎಳೆಯಬೇಕು. ಹಸಿರು ಸುರುಳಿ ಸುರುಳಿಯಾಗಿ ಏಳುತ್ತದೆ. ಕೆಳಗಿನಿಂದ ಜೇನಿನ ಬಣ್ಣದ ಮರ ಕಾಣಿಸಿದಾಗ ಅಕ್ಕ ಅದರ ಮೇಲೆ ಅಂಗೈ ಇಟ್ಟು ಸವರಿದಳು.

ಅಷ್ಟರಲ್ಲಿ ಹೆಬಳೆಯಲ್ಲಿದ್ದ ನಮ್ಮ ಕಿರಿಯ ತಂಗಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಅಕ್ಕನೇ ಹೋಗಬೇಕು. ಹೊರಡುವಾಗ ಮತ್ತೆ ಮತ್ತೆ ಹೇಳಿದಳು. "ಮಳೆಗೆ ಮೊದಲು ಹೆರೆದು ಒಂದು ಕೈ ಅರಗಿನ ಪಾಲಿಶ್ ಕೊಟ್ಟು ಇಡು. ಅವಸರ ಮಾಡಬ್ಯಾಡ. ನೀರು ತಾಗಿಸಬ್ಯಾಡ ತಮ್ಮ. ಒಳಗೆಲ್ಲ ಸರೇಸು. ಒಲೆ ಮೇಲೆ ಕಾಯಿಸಿ ಕೊಟ್ಟದ್ದು ನಾನೇ, ನಂಗೆ ಗುತ್ತು."

ಸರೇಸು ಎಂದರೆ ಪ್ರಾಣಿಗಳ ಚರ್ಮ ಕಾಯಿಸಿ ಮಾಡುವ ಅಂಟು. ಒಣಗಿದರೆ ಕಲ್ಲು, ನೀರು ಕುಡಿದರೆ ಮತ್ತೆ ಗಂಜಿ. ಕಪಾಟಿನ ಬಾಗಿಲು, ಮೇಜಿನ ಹಲಗೆ ಪ್ಲೈವುಡ್ಡಿನವು. ಆ ಕಾಲದ ಪ್ಲೈವುಡ್ಡಿನ ಪದರಗಳನ್ನು ಹಿಡಿದದ್ದೂ ಅದೇ ಜಾತಿಯ ಅಂಟು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಅಕ್ಕ ಬಸ್ಸು ಹತ್ತಿದ ಮೇಲೆ ನಾನು ಎರಡು ದಿನ ಹೆರೆದೆ. ಕೈ ಗೀರಿಹೋಯಿತು. ಒಂದು ಕುರ್ಚಿಯ ಬೆನ್ನೂ ಮುಗಿಯಲಿಲ್ಲ. ಆಗಲೇ ಭಟ್ಕಳದಿಂದ ಕರೆ ಬಂತು. ಮದುವೆಯ ಮನೆ. ಹೊಸದಾಗಿ ಕಟ್ಟಿದ್ದು, ಗೋಡೆಗಳ ತುಂಬ ಕಪಾಟು. ಸನ್‌ಮೈಕಾ ಅಂಟಿಸುವವರ ಜೊತೆ ಅಂಚುಗಳಿಗೆ ಪಾಲಿಶ್ ಹಾಕಲು ಕೈ ಬೇಕಿತ್ತು. ಮನೆಯ ಹಿರಿಯರು, ಎಲ್ಲರ ಚಾಚಾ, ಒಳ್ಳೆಯ ಮನುಷ್ಯ. "ದುಬೈಯಿಂದ ಹುಡುಗ ಬರೂದ್ರೊಳಗೆ ಮುಗೀಬೇಕು ಮಿಸ್ತ್ರಿ. ಕೈಯಲ್ಲಿ ಬೇರೆ ಕೆಲಸ ಇದ್ರೆ ಈಗ್ಲೇ ಹೇಳು, ಬೇಜಾರಿಲ್ಲ," ಎಂದರು.

"ಎಂತ ಕೆಲಸವೂ ಇಲ್ಲ," ಎಂದೆ.

ಆ ಮನೆಯಲ್ಲಿ ಫ್ಯಾನಿನ ಕೆಳಗೆ ಕೆಲಸ, ಮಧ್ಯಾಹ್ನ ಬಿರಿಯಾನಿ, ಕ್ಯಾಸೆಟ್ಟಿನ ಹಾಡು. ಹೊಸ ವಸ್ತುಗಳ ವಾಸನೆಯೇ ನನಗೆ ಹಿತವಾಗಿತ್ತು. ಒಂದೊಂದು ಕೋಣೆ ಮುಗಿದಾಗಲೂ ಇನ್ನೊಂದನ್ನು ನಾನಾಗಿಯೇ ಕೇಳಿ ತೆಗೆದುಕೊಂಡೆ. ಹೆಬಳೆ ಅಲ್ಲಿಂದ ಹತ್ತಿರ. ಶುಕ್ರವಾರ ಕೆಲಸಕ್ಕೆ ಬಿಡುವು, ತಂಗಿಯ ಮನೆಗೆ ಹೋಗುತ್ತಿದ್ದೆ. ಅಕ್ಕ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತ ಕೇಳುತ್ತಿದ್ದಳು.

"ಎಷ್ಟು ಆತಾ?"

"ಸೋಫಾ ಮುಗೀತು."

"ಕಪಾಟಿನ ಬಾಗಿಲು?"

"ಅದೂ ಅರ್ಧ ಆತು."

"ಕೈ ತೋರ್ಸು ನೋಡ್ವಾ." ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. ಗಾಜು ಹಿಡಿದವನ ಕೈಯಲ್ಲಿ ಇರಬೇಕಾದ ಗಾಯಗಳು ಒಣಗಿಹೋಗಿದ್ದವು. ಬಟ್ಟೆ ಸುತ್ತಿಕೊಂಡು ಹೆರೆಯುತ್ತೇನೆ ಎಂದೆ. "ಅಯ್ಯೋ, ಬುದ್ಧಿವಂತ ಆಗಿಬಿಟ್ಟೆಯಲ್ಲೋ!" ಎಂದು ಮೆಚ್ಚಿಕೊಂಡಳು. ಮಗುವಿಗೆ, "ನೋಡೇ, ನಿನ್ನ ಮಾವ ನಂಗೊಂದು ಅರಮನೆ ಮಾಡಿ ಕೊಡ್ತಾ," ಎಂದು ಹೇಳಿದಳು. ಆಗ ಹೇಳಿಬಿಡಬಹುದಿತ್ತು. ಹೆಚ್ಚೆಂದರೆ ಬೈಯುತ್ತಿದ್ದಳು. ಮಳೆ ಕಳೆದ ಮೇಲೆ ಹೆರೆದರಾಯಿತು ಎನ್ನುತ್ತಿದ್ದಳು.

ಭಟ್ಕಳದ ಕೆಲಸ ಮುಗಿಸಿ ಹೊನ್ನಾವರಕ್ಕೆ ಬರುವಾಗ ಆಕಾಶ ಪಡುವಣದಲ್ಲಿ ಕಪ್ಪಾಗತೊಡಗಿತ್ತು. ತಂಗಿಯ ಬಾಣಂತನವೂ ಮುಗಿಯುತ್ತ ಬಂದಿತ್ತು. ಚಪ್ಪರದ ಕೆಳಗೆ ಹಸಿರು ಸಾಮಾನು ಬಿಟ್ಟು ಹೋದ ಹಾಗೇ ನಿಂತಿತ್ತು. ನನಗೆ ಹೆದರಿಕೆಯಾಯಿತು. ಬಂದರದಲ್ಲಿ ಲಾಂಚುಗಳ ಹಳೆಯ ಬಣ್ಣ ತೆಗೆಯುವವರು ಕಾಸ್ಟಿಕ್ ಸೋಡಾ ಕರಗಿಸಿ ಹಚ್ಚುವುದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಬೆಳಿಗ್ಗೆ ಹಚ್ಚಿದರೆ ಸಂಜೆಗೆ ಬಣ್ಣ ಕೆಸರಿನಂತೆ ಜಾರಿ ಬೀಳುತ್ತದೆ. ದೋಣಿಯವರ ಮಗನಾಗಿ ನನಗೆ ಮರವೆಂದರೆ ದೋಣಿಯ ಮರವೇ. ದೋಣಿಯ ಹಲಗೆ ನೀರಿನಲ್ಲೇ ಇರುವುದು, ಸೋಡಾಕ್ಕೆ ಏನಾದೀತು? ಆದರೆ ದೋಣಿಯ ಹಲಗೆಯನ್ನು ಹಿಡಿದಿರುವುದು ಕಾಥಿಯ, ಎಂದರೆ ತೆಂಗಿನ ನಾರಿನ ಹುರಿಯ ಹೊಲಿಗೆ, ತಾಮ್ರದ ಮೊಳೆ. ಸರೇಸಲ್ಲ. ಆ ಮಾತನ್ನು ಮನಸ್ಸಿನ ಒಂದು ಮೂಲೆಗೆ ತಳ್ಳಿ, ಬೇಗ ಅದ್ದಿ ಬೇಗ ತೆಗೆದರೆ ಒಳಗಿನ ತನಕ ನೀರು ಹೋಗುವುದಿಲ್ಲ ಎಂದುಕೊಂಡೆ.

ಕುರ್ಚಿ ಮುಳುಗುವಷ್ಟು ದೊಡ್ಡ ಪಾತ್ರೆ ಬೇಕು. ಚಪ್ಪರದ ಪಕ್ಕದಲ್ಲಿ ಅಪ್ಪನ ಕಾಲದ, ಒಂದೇ ಮರ ಕೊರೆದು ಮಾಡಿದ ಮಾವಿನ ದೋಣಿ ಮಗುಚಿ ಬಿದ್ದಿತ್ತು. ಅದನ್ನು ನೇರ ಮಾಡಿ, ಎರಡೂ ಕಡೆ ಕಲ್ಲು ಕೊಟ್ಟು ನಿಲ್ಲಿಸಿ, ನೀರು ತುಂಬಿ ಸೋಡಾ ಹಾಕಿದೆ. ನೀರು ತಾನಾಗಿ ಬಿಸಿಯಾಗಿ ಹೊಗೆಯಾಡಿತು. ಸೋಡಾ ಬೆತ್ತವನ್ನು ತಿನ್ನುತ್ತದೆ. ಅದಕ್ಕೆ ಮೊದಲು ಬೆತ್ತ ಕತ್ತರಿಸಬೇಕು. ಅಕ್ಕ ಮತ್ತೆ ಹೆಣೆಯುತ್ತಾಳಲ್ಲ ಎಂದು ಚಾಕು ಹಾಕಿದೆ. ಸೊಟ್ಟದ್ದು ಯಾವುದೆಂದು ಗುರುತಿಸಲೂ ನಿಲ್ಲಲಿಲ್ಲ.

ಒಂದೊಂದನ್ನೇ ದೋಣಿಗೆ ಇಳಿಸಿ, ತೆಂಗಿನ ನಾರಿನ ಕುಚ್ಚಿನಿಂದ ತಿಕ್ಕಿದೆ. ಹಸಿರು ಸುಲಭವಾಗಿಯೇ ಬಂತು. ದೋಣಿಯ ತುಂಬ ಪಾಚಿಯಂಥ ನೀರು. ಕಪಾಟು ದೋಣಿಯಲ್ಲಿ ಹಿಡಿಯದ್ದರಿಂದ ಹೊರಗಿಟ್ಟೇ ಸೋಡಾ ಬಳಿದೆ. ಆಮೇಲೆ ಸೋಡಾದ ಉರಿ ಮುರಿಯಲು ವಾಟೆಕಾಯಿಯ ಹುಳಿ ಕುದಿಸಿದ ನೀರು ಹೊಯ್ದು, ಎಲ್ಲವನ್ನೂ ಹೊಳೆಗೆ ಎಳೆದುಕೊಂಡು ಹೋಗಿ ತೊಳೆದೆ. ಬಾವಿಯಿಂದ ಸೇದಿದರೆ ದಿನವಿಡೀ ಹಿಡಿಯುತ್ತದೆ. ಹೊಳೆ ಮನೆ ಬಾಗಿಲಲ್ಲೇ ಇತ್ತು. ಅದು ಸಮುದ್ರದ ನೀರು ಏರಿ ಬರುವ ಭರತದ ಹೊತ್ತು. ಬೇಸಗೆಯ ಕೊನೆಯಲ್ಲಿ ಭರತದ ನೀರನ್ನು ಬಾಯಿಗೆ ಹಾಕಲಾಗುವುದಿಲ್ಲ, ಅಷ್ಟು ಉಪ್ಪು. ಅದನ್ನೂ ನಾನು ಯೋಚಿಸಲಿಲ್ಲ.

ಮಾರನೆಯ ಬೆಳಿಗ್ಗೆ ಸಾಗುವಾನಿ ಕಪ್ಪಾಗಿತ್ತು. ಜೇನಿನ ಬಣ್ಣವಲ್ಲ, ಸುಟ್ಟ ಬೆಲ್ಲದ ಬಣ್ಣ. ಎಳೆಗಳು ಎದ್ದು ಮರ ರೋಮದಂತೆ ಒರಟಾಗಿತ್ತು. ಕಪಾಟಿನ ಬಾಗಿಲು ಉಬ್ಬಿ ಪದರ ಪದರವಾಗಿ, ಒದ್ದೆಯಾದ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡಿತ್ತು. ಒಂದು ಕುರ್ಚಿಯನ್ನು ಎತ್ತಿದಾಗ ಕಾಲು ಕೆಳಗೇ ಉಳಿಯಿತು. ಕೀಲಿನ ತೂತಿನೊಳಗೆ ಸರೇಸು ಮೂಗಿನ ಸಿಂಬಳದಂತೆ ಅಂಟಂಟಾಗಿತ್ತು.

ಅಲ್ಲಿಂದ ಮುಂದೆ ನಾನು ಮಾಡಿದ ಕೆಲಸ ನನ್ನ ಜೀವನದಲ್ಲೇ ಅತ್ಯಂತ ಕಷ್ಟದ ಕೆಲಸ. ಊಟ ಬಿಟ್ಟು ಮಾಡಿದೆ. ಕೀಲುಗಳನ್ನು ಬಿಚ್ಚಿ ಒಣಗಿಸಿ, ಅಂಗಡಿಯ ಬಿಳಿ ಅಂಟು ಹಾಕಿ, ಹಗ್ಗ ಸುತ್ತಿ, ಹಗ್ಗದೊಳಗೆ ಕೋಲು ತೂರಿಸಿ ತಿರುಪಿ ಬಿಗಿದೆ. ಬಾಗಿಲಿನ ಪದರಗಳ ನಡುವೆ ಅಂಟು ಹೊಯ್ದು ಮೇಲೆ ಚೀರೆಕಲ್ಲು ಹೇರಿದೆ. ಕಪ್ಪು ತೆಗೆಯಲು ಮರಳು ಕಾಗದ ಹಿಡಿದು ತಿಕ್ಕಿದೆ. ಅಪ್ಪ ದುಂಡಗೆ ಮಾಡಿದ್ದ ಅಂಚುಗಳೆಲ್ಲ ನನ್ನ ಕೈಯಲ್ಲಿ ಚಪ್ಪಟೆಯಾದವು. ಕೊನೆಗೆ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಯನ್ನು ತೆಳುವಾದ ಮಲ್ ಬಟ್ಟೆಯಲ್ಲಿ ಕಟ್ಟಿ, ಸುತ್ತು ಸುತ್ತಾಗಿ ಹಚ್ಚಿದೆ. ಹಚ್ಚಿದಾಗ ಹೊಳೆಯಿತು. ಒಂದು ಗಳಿಗೆ ಉಳಿಯಿತೆಂದೇ ಅಂದುಕೊಂಡೆ.

ಸಂಜೆ ಮುಂಗಾರಿಗೆ ಮೊದಲಿನ ಅಡ್ಡಮಳೆ ಹೊಡೆಯಿತು. ಒದ್ದೆ ಗಾಳಿ ತಾಗಿದ್ದೇ ಪಾಲಿಶ್ ಬೆಳ್ಳಗಾಗುತ್ತ ಬಂತು, ಕಣ್ಣಿಗೆ ಪೊರೆ ಬಂದ ಹಾಗೆ. ಒರೆಸಿದೆ, ಮತ್ತೆ ಹಚ್ಚಿದೆ, ಮತ್ತೆ ಬೆಳ್ಳಗಾಯಿತು. ಮರದ ಮೇಲೆ ಸಣ್ಣ ಸಣ್ಣ ಹನಿಗಳು ಮೂಡಿದವು. ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟೆ. ಉಪ್ಪು. ಮರ ಹೊಳೆಯ ಉಪ್ಪು ಕುಡಿದಿತ್ತು. ಇನ್ನು ಪ್ರತಿ ಮಳೆಗಾಲವೂ ಅದು ಬೆವರುತ್ತದೆ, ಯಾವ ಪಾಲಿಶೂ ನಿಲ್ಲುವುದಿಲ್ಲ, ಯಾವ ಕೀಲೂ ಹಿಡಿಯುವುದಿಲ್ಲ. ಹಗ್ಗ ಬಿಚ್ಚಿದಾಗ ಕುರ್ಚಿಗಳು ಒಂದೊಂದು ಕಡೆಗೆ ವಾಲಿ ನಿಂತವು.

ಮರುದಿನ ಹೆಬಳೆಗೆ ಹೋಗಿ ಅಕ್ಕನಿಗೆ ಹೇಳಿಬಿಡುತ್ತೇನೆಂದು ಬಸ್ ಸ್ಟ್ಯಾಂಡಿಗೆ ಹೋದೆ. ಭಟ್ಕಳದ ಬಸ್ಸು ಬಂತು. ಜನ ಹತ್ತಿದರು. ಕಂಡಕ್ಟರ್ ನನ್ನ ಮುಖ ನೋಡಿ, "ಬತ್ಯಾ ಇಲ್ವಾ ಮಾರಾಯ?" ಎಂದ. ನಾನು ಇಲ್ಲವೆಂದು ತಲೆ ಆಡಿಸಿದೆ. ಬಸ್ಸು ಹೋಯಿತು. ಎಲ್ಲ ನಿರ್ಧಾರವಾದದ್ದು ಅಲ್ಲಿಯೇ. ಬಸ್ಸು ಕಣ್ಣಿಗೆ ಮರೆಯಾಗುವುದರೊಳಗೆ ಅಕ್ಕನಿಗೆ ಹೇಳಬೇಕಾದ ಸುಳ್ಳು ನನ್ನ ಬಾಯಿಗೆ ಬಂದಿತ್ತು.

ಕೈಗಾಡಿಯಲ್ಲಿ ಎಲ್ಲವನ್ನೂ ಹೇರಿ, ಚಿಪ್ಪಿ ಸುಡುವ ಸುಣ್ಣದ ಭಟ್ಟಿಗೆ ಒಯ್ದೆ. ಮಳೆಗಾಲಕ್ಕೆ ಮುಚ್ಚುವ ಮೊದಲಿನ ಕೊನೆಯ ಉರಿ ಹಾಕುತ್ತಿದ್ದರು. ಭಟ್ಟಿಯವ ಕುರ್ಚಿಯ ಒಂದು ಕಾಲನ್ನು ಎತ್ತಿ ತೂಗಿ ನೋಡಿದ.

"ಸಾಗುವಾನಿ ಅಲ್ದನಾ ಇದು? ಸುಡೂಕೆ ತಂದ್ಯಾ? ತಲೆ ಸರಿ ಇದ್ಯಾ?"

"ಹುಳ ಹಿಡಿದದ್ದು."

"ಹುಳ ಎಲ್ಲಿ? ಕಾಂಬೂದಿಲ್ಲಲ್ಲ."

"ಒಳಗೆ," ಎಂದೆ.

ಅಕ್ಕ ಹೆಬಳೆಯಿಂದ ಬಂದವಳು ಚೀಲವನ್ನೂ ಇಳಿಸದೆ ಮುಂದಿನ ಕೋಣೆಯ ಬಾಗಿಲು ತಳ್ಳಿದಳು. ನೆಲದ ಮೇಲೆ ಇದ್ದಿಲಿನ ಗುರುತುಗಳು ಮಾತ್ರ ಇದ್ದವು. ನಾನು ಕಲಿತಿಟ್ಟದ್ದನ್ನು ಹೇಳಿದೆ: ಡಾಕ್ಟ್ರಮ್ಮನ ಕಡೆಯವರು ಲಾರಿ ತಂದು ವಾಪಸ್ಸು ಒಯ್ದರು.

"ಅವರೇ ಕಳ್ಸಿದ್ರಾ?"

"ಹೌದಂತೆ."

"ಎಂತ ಹೇಳಿದ್ರು?"

"ಎಂತೂ ಇಲ್ಲ."

"ಒಂದು ಮಾತೂ ಇಲ್ವನಾ?"

"ಇಲ್ಲ."

ಅವಳು ಅಳಲಿಲ್ಲ. "ಹೆರೆದದ್ದು ನೋಡಿ ಆಸೆ ಆಗಿರ್ಬೇಕು," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀ ಅಷ್ಟು ಕಷ್ಟಪಟ್ಟಿದ್ದೆ," ಎಂದಳು. ಧಾರವಾಡಕ್ಕೆ ಕಾಗದ ಬರೆಸೋಣವೇ ಎಂದು ಕೇಳಿದೆ, ಬೇಡವೆನ್ನುತ್ತಾಳೆಂದು ಗೊತ್ತಿದ್ದೇ. "ಬ್ಯಾಡ. ಕೇಳೂಕೆ ಅದೆಂತ ನಂದಾ?" ಎಂದಳು.

ಡಾಕ್ಟ್ರಮ್ಮ ಕೊಟ್ಟ ಮಾತು ಮರೆಯುವವರಲ್ಲ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ನಾನು ಸ್ಪಿರಿಟ್ ತರಲು ಕುಮಟೆಗೆ ಹೋದಾಗ ಹಳೆಯ ಕಂಪೌಂಡರ್ ಸಿಕ್ಕಿ, "ಅಮ್ಮ ಬಂದಿದ್ದಾರೆ. ನಾಳೆ ಬೆಳಿಗ್ಗೆ ನಿಮ್ಮಲ್ಲಿಗೇ ಬರೂದು. ಚಾಕ್ಕೆ ಒಳ್ಳೆ ಹಾಲು ತಂದಿಡೂಕೆ ಹೇಳು ನಿನ್ನ ಅಕ್ಕನಿಗೆ," ಎಂದ. ಮಾರನೆಯ ದಿನ ನಾನು ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತೆ. ಅವರು ಬಸ್ಸಿನಿಂದ ನಿಧಾನ ಇಳಿದು, ನನ್ನನ್ನು ಕಂಡು, ಕರೆದೊಯ್ಯಲು ಬಂದನೆಂದು ಸಂತೋಷಪಟ್ಟರು. ಅಲ್ಲಿಯೇ ಬೆಂಚಿನ ಮೇಲೆ ಕೂರಿಸಿ ಎರಡನೆಯ ಸುಳ್ಳು ಹೇಳಿದೆ. ಅಕ್ಕ ಎಲ್ಲವನ್ನೂ ಗೋವಾದ ಹೋಟೆಲೊಂದಕ್ಕೆ ಮಾರಿದಳು, ನಾಚಿಕೆಯಿಂದ ನಿಮ್ಮ ಮುಖ ನೋಡಲಾರಳು ಎಂದು.

ಅವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು.

"ಹಸಿರು ಪೂರಾ ಹೋಗಿತ್ತಾ?"

"ಹೋಗಿತ್ತು."

"ಒಳಗೆ ಯಾವ ಬಣ್ಣ ಇತ್ತು?"

"ಜೇನಿಂದು," ಎಂದೆ.

"ಹೌದು. ಹಾಗೇ ಇತ್ತು." ಆಮೇಲೆ, "ಅವಳಿಗೆ ಎಂತದೋ ತೊಂದರೆ ಇದ್ದಿರ್ಬೇಕು. ನಂಗೆ ಸಿಟ್ಟಿಲ್ಲ ಅಂತ ಹೇಳು," ಎಂದರು. ಕುಮಟೆಯ ಬಸ್ಸಿಗೆ ನಾನೇ ಕೈ ಹಿಡಿದು ಹತ್ತಿಸಿದೆ. ಅವರು ಹೇಳಿದ ಮಾತನ್ನು ಅಕ್ಕನಿಗೆ ಹೇಳಲಿಲ್ಲ. ಹೇಗೆ ಹೇಳುವುದು?

ಆ ವರ್ಷದಿಂದ ಅಕ್ಕ ಹಳೆಯದನ್ನು ತರುವುದು ಬಿಟ್ಟಳು. ಕಪ್ಪುಗಳನ್ನು ಪಾತ್ರೆ ಮಾರುವವಳಿಗೆ ಕೊಟ್ಟು ಸ್ಟೀಲು ತೆಗೆದುಕೊಂಡಳು. ಕೆಂಪು ಚಿಕ್ಕಿಯ ಜಗ್ಗು ಬಂದರದ ಚಾದಂಗಡಿಯಲ್ಲಿ ಮಜ್ಜಿಗೆಗೆ ಬಂತು. ಕೆಲವು ದಿನ ಇತ್ತು, ಆಮೇಲೆ ಕಾಣಲಿಲ್ಲ. ಎಂಬತ್ತರ ನಂತರ ಬೆತ್ತ ಕೇಳುವವರೂ ಕಡಿಮೆಯಾದರು. ಕಬ್ಬಿಣದ ಚೌಕಟ್ಟಿಗೆ ಪ್ಲಾಸ್ಟಿಕ್ ವಯರ್ ಸುತ್ತುವ ಕುರ್ಚಿಗಳು ಬಂದವು. ಅಕ್ಕ ಅದನ್ನೇ ಹೆಣೆಯತೊಡಗಿದಳು. ಯಾವ ಬಣ್ಣ ಬೇಕೆಂದರೆ ಆ ಬಣ್ಣ. ಮುಗಿದದ್ದನ್ನು ಒಮ್ಮೆಯೂ ಹಿಂದೆ ಸರಿದು ನಿಂತು ನೋಡುತ್ತಿರಲಿಲ್ಲ. ಕುಮಟೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ಆ ಮನೆ ಇದ್ದ ಬದಿಗೆ ಕೂರುತ್ತಿರಲಿಲ್ಲ. ಯಾರಾದರೂ ಏನನ್ನಾದರೂ ಸುಮ್ಮನೆ ಕೊಟ್ಟರೆ, "ವಾಪಸ್ ಕೇಳೂದಿಲ್ಲಲ್ಲ?" ಎಂದು ಕೇಳುವುದು ಅವಳಿಗೆ ರೂಢಿಯಾಯಿತು. ಜನ ಅದನ್ನು ತಮಾಷೆ ಎಂದುಕೊಳ್ಳುತ್ತಿದ್ದರು.

ಎಂಬತ್ತರ ದಶಕದ ನಡು ದಾಟಿತ್ತು. ಒಂದು ಮಧ್ಯಾಹ್ನ ಕಂಪೌಂಡರ್ ನಮ್ಮ ಚಪ್ಪರಕ್ಕೆ ಬಂದ. ಮುದುಕನಾಗಿದ್ದ. ನೀರು ಕುಡಿದು, ಡಾಕ್ಟ್ರಮ್ಮ ಧಾರವಾಡದಲ್ಲಿ ತೀರಿಕೊಂಡರೆಂದು ಹೇಳಿದ. ಅಕ್ಕ ವಯರ್ ಎಳೆಯುತ್ತಲೇ ಇದ್ದಳು.

"ಹೋದ್ರಾ," ಎಂದಳು. "ಕುರ್ಚಿ ಎಲ್ಲ ಯಾರ ಪಾಲಿಗೆ ಬಂತಂತೆ ಈಗ?"

ಅವನಿಗೆ ಅರ್ಥವಾಗಲಿಲ್ಲ. "ಯಾವ ಕುರ್ಚಿ? ಗೋವಾದ ಹೋಟೆಲಿಗೆ ನೀ ಮಾರಿದ್ದಾ? ಅದನ್ನ ಎಂತಕೆ ಈಗ? ಅಮ್ಮ ಒಂದಿನವೂ ನಿನ್ನ ಬೈಲಿಲ್ಲ ಮಾರಾಯ್ತಿ. ಅವಳಿಗೆ ಬೇಕಿತ್ತು, ಮಾರಿದ್ಲು ಅಂತಿದ್ರು, ಅಷ್ಟೇ."

ಅಕ್ಕನ ಕೈ ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ಕಂಪೌಂಡರ್ ಇನ್ನೂ ಸ್ವಲ್ಪ ಮಾತಾಡಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ. ಆಮೇಲೂ ಅವಳು ನೋಡಲಿಲ್ಲ.

ಮುದುಕಿಗೆ ಕೊನೆಗೆ ಅರಳುಮರಳಾಗಿತ್ತು ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟು ಹೇಳಿದ್ದರೆ ಅಕ್ಕ ನಂಬುತ್ತಿದ್ದಳೋ ಏನೋ. ನನ್ನ ಕೈ ಹಿಡಿದು ನೋಡಿಯೂ ನಂಬಿದ್ದವಳು. ಆ ಮಾತನ್ನು ನಾನು ನುಂಗಿದೆ. ಒಳ್ಳೆಯತನದಿಂದಲ್ಲ. ಮೂರನೆಯ ಸುಳ್ಳನ್ನು ಹೊರುವ ಶಕ್ತಿ ಇರಲಿಲ್ಲ. ಭಟ್ಕಳದ ಮದುವೆ ಮನೆಯಿಂದ ಹಿಡಿದು ಸುಣ್ಣದ ಭಟ್ಟಿಯ ತನಕ, ಬಸ್ ಸ್ಟ್ಯಾಂಡಿನ ಬೆಂಚಿನ ತನಕ ಎಲ್ಲವನ್ನೂ ಹೇಳಿದೆ.

ಅವಳು ಕೆಲಸಗಾರ್ತಿಯ ಹಾಗೆ ನಡುವೆ ಒಂದೇ ವಿಷಯ ಕೇಳಿದಳು.

"ಎಲ್ಲಿ ತೊಳೆದೆ?"

"ಹೊಳೇಲಿ."

"ಭರತದಲ್ಲಾ, ಇಳಿತದಲ್ಲಾ?"

"ಭರತದಲ್ಲಿ."

ಅವಳು ಕಣ್ಣು ಮುಚ್ಚಿದಳು. ತೆರೆದಾಗ ಕುರ್ಚಿಗಳ ವಿಷಯ ಬಿಟ್ಟುಬಿಟ್ಟಿದ್ದಳು.

"ಕುಮಟೆಯಿಂದ ಇಲ್ಲಿ ತನಕ ಬಂದಿದ್ರಾ? ಆ ಪ್ರಾಯದಲ್ಲಿ? ಚಾ ಕುಡಿದ್ರಾ ಎಲ್ಲಾದ್ರೂ?"

"ಇಲ್ಲ."

"ನಾ ಮನೇಲೇ ಇದ್ದೆ ಆ ದಿನ," ಎಂದಳು. "ಇಷ್ಟು ವರ್ಷ ಅವರನ್ನ ಕೊಟ್ಟು ಕಿತ್ಕಂಡ ಕಳ್ಳಿ ಅಂತ ತಿಳ್ಕಂಡು ಕೂತಿದ್ದೆನಲ್ಲೋ."

ನಾನು ಅವಳ ಎದುರಿಗೆ ನೆಲದ ಮೇಲೆ ಕೂತೆ. ಇನ್ನು ಅವಳು ಏನು ಹೇಳಿದರೂ, ಏನೂ ಹೇಳದಿದ್ದರೂ, ಕೆಟ್ಟದ್ದರಲ್ಲಿ ಒಂದೂ ಸರಿಯಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಬಾಯಿ ಬಿಟ್ಟು, ಜೋರಾಗಿ, ಅವಳಿಗೆ ಕೇಳುವ ಹಾಗೆ ಹೇಳಿದೆ:

"ಅಕ್ಕಾ, ಅವರು ಮಾತು ತಪ್ಪಲಿಲ್ಲ, ನೀನೂ ತಪ್ಪಲಿಲ್ಲ. ಇಬ್ರನ್ನೂ ಸುಳ್ಳು ಮಾಡಿದ್ದು ನಾನು. ಅವರ ಹತ್ರ ಹೇಳೂಕೆ ಇನ್ನು ಆಗೂದಿಲ್ಲ, ನಿನ್ನ ಹತ್ರವೇ ಇಬ್ರಿಗೂ ಹೇಳ್ತೆ. ನಂದು ತಪ್ಪಾತು ಅಕ್ಕಾ. ತಪ್ಪಾತು."